ಹುಸಿ ಅಳತೆ ಮತ್ತು ಪ್ರಮಾದ

ಹಿಂಸೆಯೆಂದರೆ ಕೊಲ್ಲುವುದು ಎಂದಷ್ಟೇ ತಿಳಿದವರಿಗೆ ನಮ್ಮ ಆಚಾರ್ಯರ ವಿವೇಚನೆ ಮೊದಲ ಓದಿಗೆ ಅಚ್ಚರಿಯನ್ನುಂಟುಮಾಡುತ್ತದೆ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವ ಉಮಾಸ್ವಾಮಿ ಆಚಾರ್ಯರು ಪ್ರಾಣಹಾನಿಯನ್ನು ಎರಡನೆಯದಾಗಿಟ್ಟು, ಪ್ರಮಾದವನ್ನು ಮೊದಲು ಹೇಳುತ್ತಾರೆ. ಎಚ್ಚರಗೆಟ್ಟ ಮನೋವಾಕ್ಕಾಯಗಳ ವ್ಯಾಪಾರ ಮತ್ತು ಅದರಿಂದ ಒದಗುವ ಪ್ರಾಣಹಾನಿ, ಇವೆರಡೂ ಕೂಡಿದಲ್ಲಿ ಹಿಂಸೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನಷ್ಟು ಬಿಡಿಸಿದ್ದಾರೆ. ಯತ್ನಾಚಾರದಿಂದ ನಡೆಯುವವನಿಂದ ಜೀವಿಯೊಂದು ಸತ್ತರೂ ರಾಗಾದಿಗಳ ಆವೇಶವಿಲ್ಲದ ಅವನಿಗೆ ದೋಷವಿಲ್ಲ. ಅಜಾಗರೂಕನಿಂದ ಯಾವ ಜೀವಿಯೂ ಸಾಯದಿದ್ದರೂ ಅವನು ಹಿಂಸಕನೇ ಎಂಬುದು ಅವರ ನಿರ್ಣಯ.

ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಈ ವಿಷಯವನ್ನು ನಾವು ಪ್ರತಿವರ್ಷವೂ ಕೇಳುತ್ತೇವೆ. ಅಲ್ಲಿ ಬರುವ ನಿದರ್ಶನಗಳು ನಮಗೆ ಬಾಯಿಪಾಠವಾಗಿವೆ: ನೆಲ ನೋಡಿ ನಡೆಯುವುದು, ನೀರು ಸೋಸುವುದು, ಧಾನ್ಯವನ್ನು ಹಸನುಮಾಡುವುದು, ಪಾತ್ರೆಯನ್ನು ನೋಡಿ ಎತ್ತಿ ನೋಡಿ ಇಡುವುದು. ಅವೆಲ್ಲ ಇಂದಿಗೂ ಸಲ್ಲುವ ಮಾತುಗಳೇ. ಆದರೆ ಇಂದು ನಮ್ಮ ಮನೆಗಳಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರವಿರುತ್ತದೆ. ಅದು ತೋರಿಸಿದ ಅಂಕಿಯನ್ನು ನೋಡಿ ಮಗಳೋ ಸೊಸೆಯೋ ಇನ್ಸುಲಿನ್ನಿನ ಪ್ರಮಾಣವನ್ನು ನಿರ್ಧರಿಸುತ್ತಾಳೆ. ಆ ಅಂಕಿಯೇ ಹುಸಿಯಾಗಿದ್ದರೆ? ಅದನ್ನು ನಂಬಿ, ವಾತ್ಸಲ್ಯದಿಂದಲೇ, ಕೊಟ್ಟ ಮದ್ದಿನಿಂದ ಪ್ರಾಣಕ್ಕೆ ಅಪಾಯವಾದರೆ ಅದು ಹಿಂಸೆಯೇ? ಹಿಂಸೆಯಾದರೆ ಯಾರದು? ಇದು ತರ್ಕಕ್ಕಾಗಿ ಕಲ್ಪಿಸಿದ ಪ್ರಶ್ನೆಯಲ್ಲ. ಯಕೃತ್ತಿನ ಕಸಿ ಮಾಡಿಸಿಕೊಂಡು, ಹೆಪಟೈಟಿಸ್-ಬಿ ಮರುಕಳಿಸದಂತೆ ಚಿಕಿತ್ಸೆ ಪಡೆಯುತ್ತಿರುವ ರೋಗಿಗಳ ವಿಷಯದಲ್ಲಿ ಇಂಥ ಅಪಾಯ ನಿಜವಾಗಿಯೂ ಉಂಟು.

ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಹೆಪಟೈಟಿಸ್-ಬಿ ವೈರಾಣುವಿನ ಮೊದಲ ಸುಳಿವನ್ನು 1965ರಲ್ಲಿ ಪ್ರಕಟಿಸಿದವರು ಅಮೆರಿಕದ ಬರೂಕ್ ಬ್ಲಂಬರ್ಗ್. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ವೈರಾಣು ಕೆಲವರ ದೇಹದಲ್ಲಿ ವರ್ಷಾನುಗಟ್ಟಲೆ ಸದ್ದಿಲ್ಲದೆ ನೆಲಸಿ ಯಕೃತ್ತನ್ನು, ಅಂದರೆ ಪಿತ್ತಜನಕಾಂಗವನ್ನು, ಗಟ್ಟಿಯಾಗಿಸಿ ಹಾಳುಮಾಡುತ್ತದೆ. ಕೊನೆಯ ಹಂತದಲ್ಲಿ ಕಸಿಯೊಂದೇ ದಾರಿ. ಮನುಷ್ಯರಲ್ಲಿ ಯಕೃತ್ತಿನ ಕಸಿಯನ್ನು 1963ರಲ್ಲಿ ಮೊದಲು ಪ್ರಯತ್ನಿಸಿದವರು ಥಾಮಸ್ ಸ್ಟಾರ್ಜಲ್. ನಮ್ಮ ದೇಶದಲ್ಲಿ 1994ರ ಅಂಗಾಂಗ ಕಸಿ ಕಾಯಿದೆಯ ಅನಂತರ, 1998ರಲ್ಲಿ ದೆಹಲಿಯಲ್ಲಿ ಇದು ಯಶಸ್ವಿಯಾಯಿತು. ಕರ್ನಾಟಕದಲ್ಲಿ ಮರಣಾನಂತರದ ಅಂಗದಾನವನ್ನು ಇಂದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ ನಿರ್ವಹಿಸುತ್ತದೆ.

ಆದರೆ ಹೊಸ ಯಕೃತ್ತು ಬಂದ ಮಾತ್ರಕ್ಕೆ ಹಳೆಯ ವೈರಿ ಹೋಗುವುದಿಲ್ಲ. ರಕ್ತದಲ್ಲಿ ಉಳಿದ ವೈರಾಣು ಹೊಸ ಅಂಗವನ್ನೂ ಆಕ್ರಮಿಸುತ್ತದೆ. ಇದನ್ನು ತಡೆಯಲು ಶಸ್ತ್ರಚಿಕಿತ್ಸೆಯ ಸಮಯದಲ್ಲಿಯೇ, ಹಳೆಯ ಯಕೃತ್ತನ್ನು ತೆಗೆದು ಹೊಸದನ್ನು ಜೋಡಿಸುವ ನಡುವಣ ಹೊತ್ತಿನಲ್ಲಿ, ಹೆಪಟೈಟಿಸ್-ಬಿ ಇಮ್ಯುನೊಗ್ಲಾಬ್ಯುಲಿನ್ ಎಂಬ ಪ್ರತಿಕಾಯದ ದ್ರವವನ್ನು ರಕ್ತನಾಳಕ್ಕೆ ಹರಿಸುತ್ತಾರೆ. ಮೊದಲ ವಾರ ದಿನವೂ, ಅನಂತರ ಅಂತರವನ್ನು ಹೆಚ್ಚಿಸುತ್ತ ತಿಂಗಳಿಗೊಮ್ಮೆ ಕೊಡುವ ಕ್ರಮವುಂಟು. ಎಂಟೆಕಾವಿರ್, ಟೆನೊಫೊವಿರ್‌ಗಳಂಥ ಗುಳಿಗೆಗಳು ಬಂದ ಮೇಲೆ ಕೆಲವು ಆಸ್ಪತ್ರೆಗಳು ಈ ದ್ರವವನ್ನು ಕಡಿಮೆ ಮಾಡಿವೆ, ಕೆಲವು ಬಿಟ್ಟೂ ಇವೆ. ಬಳಸುವವರು ಈಗಲೂ ಇದ್ದಾರೆ. ಇದನ್ನು ತಯಾರಿಸುವುದು ಪ್ರತಿಕಾಯ ಹೇರಳವಾಗಿರುವ ಆರೋಗ್ಯವಂತರು ಕೊಟ್ಟ ಪ್ಲಾಸ್ಮಾದಿಂದ. ಹೀಗೆ ಒಬ್ಬ ರೋಗಿಯ ದೇಹದಲ್ಲಿ ಒಬ್ಬರ ಅಂಗವೂ ಅನೇಕರ ರಕ್ತದ ಸಾರವೂ ಸೇರಿರುತ್ತವೆ. ದೇವಸ್ಥಾನದ ಆಸ್ತಿಯನ್ನು ನೋಡಿಕೊಳ್ಳುವ ಟ್ರಸ್ಟಿಗೆ ಆ ಆಸ್ತಿ ತನ್ನದಲ್ಲವೆಂಬ ಅರಿವು ಹೇಗೆ ಇರಬೇಕೋ, ಹಾಗೆಯೇ ಈ ದೇಹದ ವಿಷಯದಲ್ಲಿಯೂ ಇರಬೇಕು ಎಂದು ನನಗೆ ತೋರುತ್ತದೆ.

ಇನ್ನು ಸಕ್ಕರೆಯ ಮಾತು. ಕಸಿಯಾದ ಮೇಲೆ ದೇಹವು ಪರರ ಅಂಗವನ್ನು ತಿರಸ್ಕರಿಸದಂತೆ ಸ್ಟೀರಾಯ್ಡ್ ಮತ್ತು ಟ್ಯಾಕ್ರೊಲಿಮಸ್ ಎಂಬ ಮದ್ದುಗಳನ್ನು ಕೊಡುತ್ತಾರೆ. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಟ್ಯಾಕ್ರೊಲಿಮಸ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸ್ರವಿಸುವುದನ್ನು ಕುಗ್ಗಿಸುತ್ತದೆ. ಆದುದರಿಂದ ಹಿಂದೆ ಮಧುಮೇಹವಿಲ್ಲದವರಿಗೂ ಕಸಿಯ ಅನಂತರ ಅದು ಬರುವುದುಂಟು. ಇತ್ತ ಸಕ್ಕರೆಯನ್ನು ಕೂಡಿಟ್ಟುಕೊಂಡು ಹಸಿವಿನ ಹೊತ್ತಿನಲ್ಲಿ ರಕ್ತಕ್ಕೆ ಬಿಡುವ ಉಗ್ರಾಣವೇ ಯಕೃತ್ತು. ಹೊಸ ಅಂಗ ತನ್ನ ಕೆಲಸಕ್ಕೆ ಒಗ್ಗಿಕೊಳ್ಳುವವರೆಗೆ ಸಕ್ಕರೆ ಇಳಿದುಹೋಗುವ ಭಯವೂ ಉಂಟು. ಹೀಗೆ ಎರಡೂ ಕಡೆಯಿಂದ ಎಳೆತ. ಅದಕ್ಕೇ ಬೆರಳ ತುದಿಯ ರಕ್ತವನ್ನು ದಿನದಲ್ಲಿ ಹಲವು ಬಾರಿ ಪರೀಕ್ಷಿಸಬೇಕಾಗುತ್ತದೆ. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್.ಬಿ.ಎ.1ಸಿ ಪರೀಕ್ಷೆಯೊಂದು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ರಕ್ತ ಹಾಕಿಸಿಕೊಂಡವರಲ್ಲಿ, ರಕ್ತಕಣಗಳು ಬೇಗ ನಶಿಸುವವರಲ್ಲಿ ಆ ಸರಾಸರಿ ನಂಬತಕ್ಕದ್ದಲ್ಲ. ವರ್ಷಾಂತ್ಯದ ಜಮಾಖರ್ಚು ಸರಿಹೊಂದಿದೆಯೆಂದು ಪ್ರತಿದಿನದ ಗಲ್ಲೆ ಸರಿಯಾಗಿತ್ತೆಂದು ಹೇಳಲಾದೀತೆ?

ಈಗ ಮೂಲ ತೊಡಕಿಗೆ ಬರೋಣ. ಇಮ್ಯುನೊಗ್ಲಾಬ್ಯುಲಿನ್ನಿನ ಕೆಲವು ತಯಾರಿಕೆಗಳಲ್ಲಿ, ಪ್ರತಿಕಾಯಗಳು ಕೆಡದಂತೆ ಮಾಲ್ಟೋಸ್ ಎಂಬ ಒಂದು ಬಗೆಯ ಸಕ್ಕರೆಯನ್ನು ಬೆರೆಸಿರುತ್ತಾರೆ. ಎಲ್ಲ ತಯಾರಿಕೆಗಳಲ್ಲಿಯೂ ಅಲ್ಲ, ಕೆಲವದರಲ್ಲಿ ಮಾತ್ರ. ಮಾಲ್ಟೋಸ್ ಎಂದರೆ ಎರಡು ಗ್ಲೂಕೋಸ್ ಕಣಗಳ ಜೋಡಿ. ಮನೆಯ ಮಾಪಕದಲ್ಲಿ ಕೆಲಸಮಾಡುವುದು ಯಂತ್ರಕ್ಕಿಂತ ಹೆಚ್ಚಾಗಿ ಅದಕ್ಕೆ ಸಿಕ್ಕಿಸುವ ಪಟ್ಟಿ. ಆ ಪಟ್ಟಿಯಲ್ಲಿರುವ ಕಿಣ್ವ ರಕ್ತದ ಗ್ಲೂಕೋಸಿನೊಡನೆ ವರ್ತಿಸಿ ಹುಟ್ಟಿಸುವ ಅತ್ಯಲ್ಪ ವಿದ್ಯುತ್ತನ್ನು ಯಂತ್ರ ಅಂಕಿಯಾಗಿ ತೋರಿಸುತ್ತದೆ. ಎಲ್ಲ ಪಟ್ಟಿಗಳ ಕಿಣ್ವವೂ ಒಂದೇ ಅಲ್ಲ. ಜಿ.ಡಿ.ಎಚ್.-ಪಿ.ಕ್ಯು.ಕ್ಯು. ಎಂದು ಕರೆಯುವ ಬಗೆಯ ಕಿಣ್ವಕ್ಕೆ ಗ್ಲೂಕೋಸ್ ಯಾವುದು, ಮಾಲ್ಟೋಸ್ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಒಟ್ಟು ಸೇರಿಸಿ ಒಂದೇ ಅಂಕಿಯಾಗಿ ತೋರಿಸಿಬಿಡುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಮೊದಲಾದ ಬೇರೆ ಕಿಣ್ವಗಳ ಪಟ್ಟಿಗಳಿಗೂ ಪ್ರಯೋಗಾಲಯದ ಹೆಕ್ಸೊಕೈನೇಸ್ ಪರೀಕ್ಷೆಗೂ ಈ ಭ್ರಮೆಯಿಲ್ಲ.

ಇದರ ಪರಿಣಾಮವನ್ನು ಊಹಿಸಿ ನೋಡಿ. ರೋಗಿಯ ರಕ್ತದಲ್ಲಿ ನಿಜವಾದ ಸಕ್ಕರೆ 60 ಇದೆ ಎಂದಿಟ್ಟುಕೊಳ್ಳೋಣ. 70ಕ್ಕಿಂತ ಕೆಳಗಿಳಿದರೆ ಅಪಾಯದ ಹಾದಿ, 54ಕ್ಕಿಂತ ಕೆಳಗೆ ಗಂಭೀರ ಸ್ಥಿತಿ. ಮಾಪಕ ಮಾತ್ರ ಮಾಲ್ಟೋಸನ್ನೂ ಕೂಡಿಸಿಕೊಂಡು 220 ಎನ್ನುತ್ತದೆ. ಮನೆಯವರು ಗಾಬರಿಯಾಗಿ ಇನ್ಸುಲಿನ್ ಕೊಡುತ್ತಾರೆ. ಇದ್ದ ಸಕ್ಕರೆಯೂ ಇಳಿದು, ಮೆದುಳಿಗೆ ಆಹಾರವಿಲ್ಲದೆ ರೋಗಿ ಪ್ರಜ್ಞೆ ತಪ್ಪುತ್ತಾನೆ. ಇನ್ಸುಲಿನ್ ಕೊಡದಿದ್ದರೂ ಹಾನಿಯುಂಟು: ಸಕ್ಕರೆ ಕುಸಿದಿರುವುದು ಆ ಹುಸಿ ಅಂಕಿಯ ಹಿಂದೆ ಮರೆಯಾಗಿ, ಕೊಡಬೇಕಾದ ಉಪಚಾರ ತಪ್ಪಿಹೋಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರ ಆಗಸ್ಟ್‌ನಲ್ಲಿ ಈ ಕುರಿತು ಸಾರ್ವಜನಿಕ ಎಚ್ಚರಿಕೆಯನ್ನು ಹೊರಡಿಸಿತು. 1997ರಿಂದ 2009ರವರೆಗೆ ಇಂಥ ಪಟ್ಟಿಗಳ ತಪ್ಪು ಅಂಕಿಗೆ ಸಂಬಂಧಿಸಿದ 13 ಮರಣಗಳ ವರದಿ ತನಗೆ ಬಂದಿದೆಯೆಂದು ಅದು ತಿಳಿಸಿತು. ಅವರಲ್ಲಿ ಹೆಚ್ಚಿನವರು ಹೊಟ್ಟೆಯ ಪೊರೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರು. ಆ ದ್ರವದಲ್ಲಿರುವ ಐಕೋಡೆಕ್ಸ್ಟ್ರಿನ್ ದೇಹದಲ್ಲಿ ಮಾಲ್ಟೋಸ್ ಆಗಿ ಒಡೆಯುತ್ತದೆ. ತಯಾರಕರು ಮುಂದೆ ಕಿಣ್ವವನ್ನು ಮಾರ್ಪಡಿಸಿ, ಮಾಲ್ಟೋಸಿಗೆ ಮೋಸಹೋಗದ ಪಟ್ಟಿಗಳನ್ನು ತಂದರು. ಆದರೂ ಪಟ್ಟಿಯ ಜೊತೆಗೆ ಬರುವ ಕಾಗದವನ್ನು ಓದದೆ ನಮ್ಮ ಕೈಯಲ್ಲಿರುವುದು ಯಾವ ಬಗೆಯದೆಂದು ತಿಳಿಯುವ ಮಾರ್ಗವಿಲ್ಲ.

ವ್ಯಾಪಾರದಲ್ಲಿ ಆಯುಷ್ಯ ಕಳೆದವನಿಗೆ ಇದನ್ನು ಓದುವಾಗ ಅಸ್ತೇಯಾಣುವ್ರತದ ಐದು ಅತಿಚಾರಗಳು ನೆನಪಾಗುವುದು ಸಹಜ. ಅವುಗಳಲ್ಲಿ ಒಂದು, ಕೊಡುವ ತೂಕವೊಂದು ಕೊಳ್ಳುವ ತೂಕವೊಂದು ಮಾಡಿ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು. ಇನ್ನೊಂದು ಪ್ರತಿರೂಪಕ ವ್ಯವಹಾರ: ಒಂದು ವಸ್ತುವನ್ನು ಅದರಂತೆಯೇ ಕಾಣುವ ಇನ್ನೊಂದರೊಡನೆ ಬೆರೆಸಿ ಅದೇ ಎಂದು ಮಾರುವುದು. ಗ್ಲೂಕೋಸಿನ ಹೆಸರಿನಲ್ಲಿ ಮಾಲ್ಟೋಸನ್ನು ಲೆಕ್ಕಕ್ಕೆ ಹಿಡಿಯುವ ಪಟ್ಟಿ ಈ ಎರಡನ್ನೂ ಒಟ್ಟಿಗೇ ಮಾಡುತ್ತದೆ. ಅಚೇತನವಾದ ಪಟ್ಟಿಗೆ ಅತಿಚಾರವಿಲ್ಲ, ನಿಜ. ಆದರೆ ಆಚಾರ್ಯರು ಈ ಅತಿಚಾರಗಳನ್ನು ಕಳ್ಳತನದ ಸಾಲಿನಲ್ಲಿ ಏಕೆ ಇಟ್ಟರೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಕೊಳ್ಳುವವನಿಗೆ ತಕ್ಕಡಿಯ ಒಳಗು ಕಾಣದು. ಅವನು ಮುಳ್ಳನ್ನು ಮಾತ್ರ ನೋಡುತ್ತಾನೆ. ಆ ನಂಬಿಕೆಯ ಮೇಲೆಯೇ ಎಲ್ಲ ವ್ಯವಹಾರ ನಿಂತಿದೆ. ಸರ್ಕಾರ ನಮ್ಮ ತಕ್ಕಡಿ ಬಟ್ಟುಗಳಿಗೆ ನಿಗದಿತ ಅವಧಿಗೊಮ್ಮೆ ಮುದ್ರೆ ಹಾಕಿಸಿಕೊಳ್ಳಬೇಕೆಂದು ಕಟ್ಟುಪಾಡು ಮಾಡಿರುವುದೂ ಈ ಕಾರಣಕ್ಕೇ. ಐದು ಕಿಲೋ ಬೆಲ್ಲಕ್ಕೆ ಇಷ್ಟು ಜಾಗ್ರತೆ ಬೇಕಾದರೆ ಪ್ರಾಣವನ್ನು ತೂಗುವ ತಕ್ಕಡಿಗೆ ಬೇಡವೆ?

ನ್ಯಾಯಶಾಸ್ತ್ರದ ದೃಷ್ಟಿಯಿಂದಲೂ ಇದನ್ನು ನೋಡಬಹುದು. ಮಾಪಕ ಹೇಳಿದ 220 ಕೇವಲ ಸುಳ್ಳಲ್ಲ. ಈ ಕಿಣ್ವದೊಡನೆ ವರ್ತಿಸುವ ಸಕ್ಕರೆಗಳ ಮೊತ್ತ ಎಂಬ ಅಪೇಕ್ಷೆಯಿಂದ ಅದು ದಿಟವೇ. ಒಂದು ನಯದ ಮಾತನ್ನು ಪೂರ್ಣ ಪ್ರಮಾಣವೆಂದು ಹಿಡಿದಾಗಲೇ ಅದು ದುರ್ನಯವಾಗುವುದು. ಸ್ಯಾದ್ವಾದವನ್ನು ನಾವು ಪರಮತದವರೊಡನೆ ವಾದಿಸುವ ಆಯುಧವೆಂದು ಎಣಿಸಿಬಿಟ್ಟಿದ್ದೇವೆ. ಯಾವ ಅಪೇಕ್ಷೆಯಿಂದ ಈ ಮಾತು ಸತ್ಯ ಎಂದು ಅಡುಗೆಮನೆಯಲ್ಲಿ, ರೋಗಿಯ ಕೋಣೆಯಲ್ಲಿ ಕೇಳಿಕೊಳ್ಳುವ ಅಭ್ಯಾಸ ನಮಗಿಲ್ಲ. ಬಾಳೆಹಣ್ಣು ಸುಲಿದ ಕೈಯನ್ನು ತೊಳೆಯದೆ ಬೆರಳು ಚುಚ್ಚಿದರೆ ಯಾವ ಮಾಪಕವಾದರೂ ಹಣ್ಣಿನ ಸಕ್ಕರೆಯನ್ನು ರಕ್ತದ ಸಕ್ಕರೆಯೆಂದೇ ತೋರಿಸುತ್ತದೆ. ರಕ್ತಹೀನತೆಯುಳ್ಳವರಲ್ಲಿ ಅನೇಕ ಮಾಪಕಗಳು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತವೆ. ಕಸಿಯಾದವರಲ್ಲಿ ರಕ್ತಹೀನತೆ ಅಪರೂಪವಲ್ಲ.

ಹಾಗಾದರೆ ದೋಷ ಯಾರದು? ಮೊದಲಿಗೆ, ಈ ಸಂಗತಿ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಹುಸಿ ಅಂಕಿಯನ್ನು ನಂಬಿ ಉಪಚರಿಸಿದವರು ನಿರ್ದೋಷಿಗಳು. ನೋಡಬೇಕಾದಷ್ಟು ದೂರವನ್ನು ನೋಡಿ ಹೆಜ್ಜೆಯಿಟ್ಟ ಮುನಿಯ ಕಾಲಡಿಗೆ ಹಠಾತ್ತನೆ ಬಂದ ಜೀವಿಯ ಸಾವಿನಂತೆಯೇ ಅದು. ತಿಳಿದ ಮೇಲೆ ಮಾತು ಬೇರೆ. ಎಚ್ಚರಿಕೆಯನ್ನು ಪಟ್ಟಿಯ ಪೆಟ್ಟಿಗೆಯ ಕಾಗದದಲ್ಲಿ ಮುದ್ರಿಸಿದ ಬಳಿಕ ಅದನ್ನು ಓದಬೇಕಾದವರು ಓದದಿರುವುದು ಅಜ್ಞಾನವಲ್ಲ, ಪ್ರಮಾದ. ಆದರೆ ಓದಬೇಕಾದವರು ಯಾರೆಂಬುದರಲ್ಲಿ ತರತಮವುಂಟು. ಯಾವ ದ್ರವದಲ್ಲಿ ಮಾಲ್ಟೋಸ್ ಇದೆಯೆಂದು ತಿಳಿದು ಅದನ್ನು ಹರಿಸುವ ಆಸ್ಪತ್ರೆಗೆ ಹೊಣೆ ಎಲ್ಲರಿಗಿಂತ ಹೆಚ್ಚು. ಬಿಡುಗಡೆಯ ದಿನ ರೋಗಿಯ ಮನೆಯ ಮಾಪಕ ಯಾವುದೆಂದು ಕೇಳುವುದು ಅವರ ಕರ್ತವ್ಯ. ಆ ಎಚ್ಚರಿಕೆಯನ್ನು ಸಾಮಾನ್ಯರ ಕಣ್ಣಿಗೆ ನಿಲುಕದಷ್ಟು ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ ಮಾತ್ರ, ಹತ್ತು ಮಡಿಕೆಯ ಕಾಗದದಲ್ಲಿ ಅಡಗಿಸಿಡುವ ತಯಾರಕನೂ ನನ್ನ ಮಟ್ಟಿಗೆ ನಿರ್ದೋಷಿಯಲ್ಲ. ಕಾನೂನಿನ ಕಣ್ಣಿಗೆ ಅವನು ಹೇಳಿದಂತಾಯಿತು. ಧರ್ಮದ ಕಣ್ಣಿಗೆ, ಕೇಳಿಸದಂತೆ ಹೇಳಿದಂತಾಯಿತು.

ಮನೆಯವರ ವಿಷಯದಲ್ಲಿ ಮಾತ್ರ ನಾವು ಮೃದುವಾಗಿರಬೇಕು. ತಿಂಗಳುಗಟ್ಟಲೆ ರಾತ್ರಿ ಎದ್ದು ಗಂಡನ ಬೆರಳು ಚುಚ್ಚಿ ಅಂಕಿ ಬರೆದಿಟ್ಟ ಹೆಂಗಸು, ಆಸ್ಪತ್ರೆಯವರು ಹೇಳಿಕೊಟ್ಟಂತೆಯೇ ಮದ್ದು ಕೊಟ್ಟು, ಕೊನೆಗೆ ಅನಾಹುತವಾದರೆ ‘ನನ್ನ ಕೈಯಿಂದಲೇ ಆಯಿತಲ್ಲ’ ಎಂದು ಜೀವಮಾನವಿಡೀ ಕೊರಗುವುದುಂಟು. ಅವಳಿಗೆ ಕರ್ಮಸಿದ್ಧಾಂತದ ಹೆಸರಿನಲ್ಲಿ ಇನ್ನಷ್ಟು ಭಾರ ಹೊರಿಸುವ ಬಂಧುಗಳೂ ಉಂಟು. ಅಮೃತಚಂದ್ರರ ವಿವೇಚನೆ ಅಂಥವಳ ಪರವಾಗಿಯೇ ಇದೆಯೆಂಬುದನ್ನು ಆ ಬಂಧುಗಳು ಅರಿಯಬೇಕು. ಅವಳಲ್ಲಿ ಇದ್ದುದು ಯತ್ನಾಚಾರ. ಅವಳಿಗೆ ತಲುಪಬೇಕಾದ ಜ್ಞಾನವನ್ನು ತಲುಪಿಸದವರಲ್ಲಿ ಇದ್ದುದು ಪ್ರಮಾದ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ತಿಳಿದವನಿಗೆ ದೋಷ, ತಿಳಿಯದವನಿಗೆ ಇಲ್ಲವೆಂದರೆ ತಿಳಿಯದಿರುವುದೇ ಕ್ಷೇಮವಲ್ಲವೆ? ಈ ಲೇಖನವನ್ನು ಓದಿದ್ದರಿಂದಲೇ ವಾಚಕರ ಹೊಣೆ ಹೆಚ್ಚಾಯಿತಲ್ಲವೆ? ಹೆಚ್ಚಾಯಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಸಮಿತಿಗಳ ಉಪದೇಶವನ್ನು ನೆನೆಯಿರಿ. ನಡೆಯುವವನು ಕಣ್ಣು ಮುಚ್ಚಿಕೊಂಡರೆ ಕಾಲಡಿಯ ಜೀವಿಗಳು ಅವನಿಗೆ ಕಾಣುವುದಿಲ್ಲ. ಆದರೂ ಅವನನ್ನು ಯಾರೂ ನಿರ್ದೋಷಿಯೆನ್ನುವುದಿಲ್ಲ. ಕಾಣಬಹುದಾದುದನ್ನು ಕಾಣದಿರುವುದೇ ಅಲ್ಲಿ ದೋಷ. ತಿಳಿಯಲು ಸಾಧ್ಯವಿದ್ದೂ ತಿಳಿಯದಿರುವವನ ಅಜ್ಞಾನವು ಆಶ್ರಯವಾಗಲಾರದು. ಇದಕ್ಕೆ ಮೇರೆಯೆಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ತಿಳಿಯಬಹುದಾದುದಕ್ಕೆ ಕೊನೆಯಿಲ್ಲ. ಮುನಿಗೂ ನಾಲ್ಕು ಮೊಳದಷ್ಟು ಮುಂದೆ ನೋಡಿ ನಡೆಯೆಂದರೇ ಹೊರತು ದಿಗಂತದವರೆಗೆ ನೋಡೆನ್ನಲಿಲ್ಲ. ಗೃಹಸ್ಥನ ನಾಲ್ಕು ಮೊಳವೆಂದರೆ ತನ್ನ ಕೈಯಿಂದ ತಾನು ಕೊಡುವ ಮದ್ದು, ತಾನು ಬಳಸುವ ಅಳತೆ. ಕಿಣ್ವದ ರಸಾಯನಶಾಸ್ತ್ರವನ್ನು ಅವನು ಕಲಿಯಬೇಕಾಗಿಲ್ಲ. ‘ಈ ಚುಚ್ಚುಮದ್ದಿನಲ್ಲಿ ಮಾಲ್ಟೋಸ್ ಇದೆಯೆ? ನಮ್ಮ ಪಟ್ಟಿ ಇದಕ್ಕೆ ಸಲ್ಲುತ್ತದೆಯೆ? ಸಲ್ಲದಿದ್ದರೆ ಎಷ್ಟು ಕಾಲ ಪ್ರಯೋಗಾಲಯದಲ್ಲಿಯೇ ನೋಡಿಸಬೇಕು?’ ಎಂಬ ಮೂರು ಮಾತುಗಳನ್ನು ವೈದ್ಯರಲ್ಲಿ ಕೇಳಿದರೆ ಅವನ ಕರ್ತವ್ಯದ ಬಹುಭಾಗ ಸಂದಂತೆಯೇ. ಇನ್ನೊಂದು ಮಾತು: ಅಂಕಿ ಹೆಚ್ಚಿದ್ದರೂ ರೋಗಿ ಬೆವರುತ್ತ, ನಡುಗುತ್ತ, ತೊದಲುತ್ತಿದ್ದರೆ ಅಂಕಿಯನ್ನು ಬದಿಗಿಟ್ಟು ರೋಗಿಯ ಮುಖವನ್ನು ನೋಡಬೇಕು.

ನಮ್ಮ ಮನೆಗಳಿಗೆ ಈ ವಿಷಯದಲ್ಲಿ ಒಂದು ವಿಶೇಷ ತೊಡಕಿದೆ. ಅದು ರಾತ್ರಿಭೋಜನ ತ್ಯಾಗ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಿದವನಿಗೆ ಮರುದಿನದ ಆಹಾರಕ್ಕೆ ಹನ್ನೆರಡು ಹದಿಮೂರು ಗಂಟೆಗಳ ಅಂತರ. ಬೆಳಿಗ್ಗೆ ತೆಗೆದುಕೊಂಡ ಸ್ಟೀರಾಯ್ಡ್ ಮಧ್ಯಾಹ್ನದಿಂದ ಸಂಜೆಯವರೆಗೆ ಸಕ್ಕರೆಯನ್ನು ಏರಿಸಿ, ರಾತ್ರಿ ತನ್ನ ಬಲ ಕುಂದಿದಾಗ ಇಳಿಯಬಿಡುತ್ತದೆ. ಮುಂಜಾನೆ ಬರಿಹೊಟ್ಟೆಯ ಪರೀಕ್ಷೆಯೊಂದನ್ನೇ ಮಾಡಿಸುವವರಿಗೆ ಸಂಜೆಯ ಏರಿಕೆ ಕಾಣುವುದೇ ಇಲ್ಲ. ರಾತ್ರಿ ಹತ್ತಕ್ಕೆ ಹುಸಿಯಾದ ಹೆಚ್ಚಿನ ಅಂಕಿಯನ್ನು ಕಂಡು ಇನ್ಸುಲಿನ್ ಕೊಟ್ಟರೆ, ಹೊಟ್ಟೆಯಲ್ಲಿ ಆಹಾರವಿಲ್ಲದ, ಯಕೃತ್ತಿನ ಉಗ್ರಾಣವೂ ತುಂಬಿರದ ಆ ರೋಗಿಗೆ ಅಪಾಯ ಇಮ್ಮಡಿ. ಆದುದರಿಂದ ವ್ರತವಿರುವವರು ಅದನ್ನು ವೈದ್ಯರಿಗೆ ಮೊದಲ ದಿನವೇ ತಿಳಿಸಬೇಕು. ಹಿರಿಯರು ಸಂಕೋಚದಿಂದ ಇದನ್ನು ಮುಚ್ಚಿಡುವುದೇ ಹೆಚ್ಚು. ತಿಳಿಸಿದರೆ ವೈದ್ಯರು ಮದ್ದಿನ ವೇಳೆಯನ್ನೂ ಪ್ರಮಾಣವನ್ನೂ ಅದಕ್ಕೆ ಹೊಂದಿಸಿಕೊಡಲು ಸಾಧ್ಯವಾಗುತ್ತದೆ.

ರಾತ್ರಿಯಲ್ಲಿ ಸಕ್ಕರೆ ಕುಸಿದರೆ ಏನು ಮಾಡಬೇಕು? ಎಚ್ಚರವಿರುವ ರೋಗಿಗೆ ಮೂರು ಚಹಾ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ನೋಡಬೇಕೆಂಬುದು ವೈದ್ಯರ ಸಾಮಾನ್ಯ ಸೂಚನೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆ ಸಕ್ಕರೆನೀರಿನಿಂದ ವ್ರತಭಂಗವಾಗುತ್ತದೆಯೆ ಎಂಬುದು ನಮ್ಮವರ ಕೊರಗು. ವ್ರತ ಸ್ವೀಕರಿಸುವಾಗಲೇ ನೀರಿಗೂ ಔಷಧಕ್ಕೂ ಅವಕಾಶ ಇಟ್ಟುಕೊಳ್ಳುವ ವಾಡಿಕೆ ನಮ್ಮಲ್ಲಿ ಬಹುಮಂದಿಗೆ ಉಂಟು. ಆ ಹೊತ್ತಿನಲ್ಲಿ ಸಕ್ಕರೆ ಆಹಾರವಲ್ಲ, ಔಷಧ. ಅಂಥ ಅವಕಾಶವಿಲ್ಲದೆ ಕಟ್ಟುನಿಟ್ಟಾಗಿ ವ್ರತ ಹಿಡಿದವರಿಗೆ ಸಮಂತಭದ್ರಾಚಾರ್ಯರ ಬಗೆಗಿನ ಪರಂಪರೆಯ ಕಥೆಯನ್ನು ನೆನಪಿಸಬಯಸುತ್ತೇನೆ. ಮುನಿದೀಕ್ಷೆಯಲ್ಲಿದ್ದಾಗ ಅವರಿಗೆ ಭಸ್ಮಕವ್ಯಾಧಿ ತಗಲಿತಂತೆ. ಎಷ್ಟು ಉಂಡರೂ ಹೊಟ್ಟೆ ತುಂಬದ ರೋಗ. ಮುನಿಧರ್ಮದ ಮಿತಾಹಾರದಲ್ಲಿ ಅದನ್ನು ಶಮನಗೊಳಿಸಲಾಗದೆ ಅವರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ದೀಕ್ಷೆಯನ್ನು ಬದಿಗಿರಿಸಿ ರೋಗವನ್ನು ಪರಿಹರಿಸಿಕೊಂಡು ಬಾ, ಅನಂತರ ಮತ್ತೆ ದೀಕ್ಷೆ ಪಡೆ ಎಂಬುದು ಅವರ ಆಜ್ಞೆಯಾಗಿತ್ತು. ಅದೇ ಸಮಂತಭದ್ರರು ರತ್ನಕರಂಡಕದಲ್ಲಿ ಸಲ್ಲೇಖನಕ್ಕೆ ಕಾರಣಗಳನ್ನು ಹೇಳುವಾಗ ರೋಗವನ್ನು ಪರಿಹಾರವಿಲ್ಲದಿದ್ದರೆ ಮಾತ್ರ ಸೇರಿಸುತ್ತಾರೆ. ಮಹಾವ್ರತಕ್ಕೇ ಗುರುಗಳು ಹೀಗೆ ಅವಕಾಶ ಕಂಡಿರುವಾಗ, ಅಣುವ್ರತಿಯು ಮೂರು ಚಮಚ ಸಕ್ಕರೆಯನ್ನು ನಿರಾಕರಿಸಿ ಪ್ರಾಣ ಬಿಡುವುದು ವ್ರತನಿಷ್ಠೆಯೆನಿಸಲಾರದು. ಬೇಕಾದರೆ ಗುರುಗಳಲ್ಲಿ ಪ್ರಾಯಶ್ಚಿತ್ತ ಕೇಳಲಿ.

ಇನ್ಸುಲಿನ್ನೇ ನಿಷಿದ್ಧವೆಂದು ಹಿಂಜರಿಯುವ ಹಿರಿಯರನ್ನೂ ಕಂಡಿದ್ದೇನೆ. 1922ರಿಂದ ಹಲವು ದಶಕಗಳ ಕಾಲ ಅದನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ; ಆ ಹಿಂಜರಿಕೆ ಆಗ ಅಕಾರಣವಾಗಿರಲಿಲ್ಲ. ಮದ್ಯ ಮಾಂಸ ಮಧುಗಳನ್ನು ವರ್ಜಿಸಿ ವೈದ್ಯವನ್ನು ನಿರೂಪಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ನಮ್ಮ ನಾಡಿನ ಹೆಮ್ಮೆಯ ಗ್ರಂಥವಲ್ಲವೆ! ಆದರೆ 1982ರಲ್ಲಿ ಬ್ಯಾಕ್ಟೀರಿಯಾಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಅಮೆರಿಕದಲ್ಲಿ ಬಳಕೆಗೆ ಬಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟ್‌ನಿಂದ ತಯಾರಿಸಿದ್ದನ್ನು ಹೊರತಂದಿತು. ಏಕೇಂದ್ರಿಯ ಜೀವಗಳ ಪ್ರಶ್ನೆ ಉಳಿಯುತ್ತದೆ, ನಿಜ. ಅದು ನಮ್ಮ ದಿನನಿತ್ಯದ ಊಟದಲ್ಲಿಯೂ ಉಳಿಯುತ್ತದೆ.

ಕೊನೆಯದಾಗಿ ಬಸದಿಗಳ ಟ್ರಸ್ಟುಗಳಿಗೆ ಸಂಬಂಧಿಸಿದ ಮಾತು. ಔಷಧದಾನ ಚತುರ್ವಿಧ ದಾನಗಳಲ್ಲಿ ಒಂದಾದುದರಿಂದ ಮಹಾವೀರ ಜಯಂತಿಯಂದೋ ವಾರ್ಷಿಕ ರಥೋತ್ಸವದಂದೋ ಉಚಿತ ಸಕ್ಕರೆ ತಪಾಸಣೆಯ ಶಿಬಿರ ನಡೆಸುವ ಟ್ರಸ್ಟುಗಳು ಅ‌ನೇಕ. ಅದಕ್ಕೆ ಮಾಪಕ ಮತ್ತು ಪಟ್ಟಿಗಳನ್ನು ಕೊಳ್ಳುವಾಗ ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿ ಎಲ್ಲಕ್ಕಿಂತ ಕಡಿಮೆಯದನ್ನು ಆರಿಸುವುದು ನಮ್ಮ ಕ್ರಮ. ದಾನಿಗಳ ಹಣಕ್ಕೆ ಲೆಕ್ಕ ಕೊಡಬೇಕಾದವರು ಹಾಗೆ ಮಾಡುವುದು ತಪ್ಪಲ್ಲ. ಆ ದರಪಟ್ಟಿಯಲ್ಲಿಯೇ ಕಿಣ್ವ ಯಾವುದು, ಮಾಲ್ಟೋಸಿನಿಂದ ಅಂಕಿ ಏರುಪೇರಾಗುವುದೇ ಎಂಬ ಒಂದು ಸಾಲನ್ನು ಮಾರಾಟಗಾರನಿಂದ ಬರೆಸಿಕೊಳ್ಳುವುದು ಕಷ್ಟವೇನಲ್ಲ. ಶಿಬಿರಕ್ಕೆ ಬಂದವರಲ್ಲಿ ಕಸಿ, ಡಯಾಲಿಸಿಸ್ ಅಥವಾ ಇಮ್ಯುನೊಗ್ಲಾಬ್ಯುಲಿನ್ ಪಡೆದವರಿದ್ದರೆ ಅವರನ್ನು ಬೆರಳ ಪರೀಕ್ಷೆಗೆ ಕೂರಿಸದೆ ಪ್ರಯೋಗಾಲಯಕ್ಕೆ ಕಳುಹಿಸಬೇಕು.

ಅದಕ್ಕಿಂತ ಮುಖ್ಯವಾದುದು ಚುಚ್ಚುವ ಸೂಜಿ. ಲೇಖನಿಯಂತಿರುವ ಒಂದೇ ಚುಚ್ಚುಸಾಧನದಿಂದ ಸಾಲಾಗಿ ಹತ್ತಾರು ಜನರ ಬೆರಳು ಚುಚ್ಚಿದರೆ, ಸೂಜಿಯನ್ನು ಬದಲಿಸಿದರೂ, ಸಾಧನಕ್ಕೆ ತಗಲಿದ ರಕ್ತದಿಂದ ಹೆಪಟೈಟಿಸ್-ಬಿ ಒಬ್ಬರಿಂದೊಬ್ಬರಿಗೆ ದಾಟಬಲ್ಲುದು. ಈ ವೈರಾಣು ದೇಹದ ಹೊರಗೆ ಒಣಗಿದ ಮೇಲ್ಮೈಯಲ್ಲಿಯೂ ಕಡಮೆಯೆಂದರೆ ಏಳು ದಿನ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಅಮೆರಿಕದಲ್ಲಿ ವೃದ್ಧರ ಆರೈಕೆಯ ಕೇಂದ್ರಗಳಲ್ಲಿ ಹೀಗೆಯೇ ರೋಗ ಹಬ್ಬಿದ ಪ್ರಸಂಗಗಳು ವರದಿಯಾದವು. 2010ರಲ್ಲಿ ಅಲ್ಲಿನ ಆರೋಗ್ಯ ಸಂಸ್ಥೆಗಳು ಒಬ್ಬರಿಗೆ ಬಳಸಿದ ಸಾಧನವನ್ನು ಇನ್ನೊಬ್ಬರಿಗೆ ಬಳಸಲೇಬಾರದೆಂದು ಎಚ್ಚರಿಸಿದವು. ಸಕ್ಕರೆಯನ್ನು ನೋಡಲು ಹೋಗಿ, ಯಕೃತ್ತನ್ನು ಕಳೆಯುವ ರೋಗವನ್ನೇ ಹಂಚಿದಂತಾದರೆ ಆ ಔಷಧದಾನದ ಗತಿಯೇನು? ಒಮ್ಮೆ ಚುಚ್ಚಿದೊಡನೆ ತಾನಾಗಿ ಒಳಸೇರಿ ಮತ್ತೆ ಬಳಸಲು ಬಾರದ ಸೂಜಿಗಳು ದೊರೆಯುತ್ತವೆ. ಶಿಬಿರಕ್ಕೆ ಅವನ್ನೇ ಕೊಳ್ಳಬೇಕು. ಮಾಪಕವನ್ನು ಪ್ರತಿಯೊಬ್ಬರ ಬಳಿಕ ಒರಸಬೇಕು, ಕೈಗವಸು ಬದಲಿಸಬೇಕು. ಬಳಸಿದ ಸೂಜಿಗಳನ್ನು ಕಸದ ಬುಟ್ಟಿಗೆ ಸುರಿದರೆ ಮರುದಿನ ಅವು ಚುಚ್ಚುವುದು ಪೌರಕಾರ್ಮಿಕರ ಕೈಗೆ; ಉತ್ಸರ್ಗಸಮಿತಿ ಮುನಿಗಳಿಗೆ ಮಾತ್ರ ಹೇಳಿದ್ದೆಂದು ಯಾರೂ ತಿಳಿಯಬಾರದು. ದಪ್ಪ ಗೋಡೆಯ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಹತ್ತಿರದ ಆಸ್ಪತ್ರೆಯ ಮೂಲಕ ವಿಲೇವಾರಿ ಮಾಡಿಸಬೇಕು.

ಹೆಪಟೈಟಿಸ್-ಬಿಗೆ ಲಸಿಕೆಯಿದೆ. ದೊಡ್ಡವರಿಗೆ ಸಾಮಾನ್ಯವಾಗಿ ಮೂರು ಬಾರಿ: ಮೊದಲನೆಯದು, ಅದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಇಂದು ಶಿಶುಗಳಿಗೆ ಸರ್ಕಾರವೇ ಉಚಿತವಾಗಿ ಹಾಕುತ್ತದೆ; ನಡುವಯಸ್ಸಿನವರಲ್ಲಿ ಹಾಕಿಸಿಕೊಂಡವರು ಕಡಿಮೆ. ಮನೆಯಲ್ಲಿ ಈ ರೋಗವಿರುವವರ ಹೆಂಡತಿ, ಗಂಡ, ಮಕ್ಕಳು ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಪಡೆಯುವುದು ಅತ್ಯಗತ್ಯ. ಸಕ್ಕರೆ ತಪಾಸಣೆಗೆಂದು ಸೇರಿದ ಜನರಿಗೆ ಅದೇ ಶಿಬಿರದಲ್ಲಿ ಮೊದಲ ಲಸಿಕೆ ಹಾಕಿಸಿ, ಹೆಸರು ಬರೆದಿಟ್ಟುಕೊಂಡು, ಉಳಿದೆರಡಕ್ಕೆ ನೆನಪಿನ ಚೀಟಿ ಕಳುಹಿಸುವ ಕೆಲಸವನ್ನು ಯಾವ ಟ್ರಸ್ಟಿನ ಕಚೇರಿಯಾದರೂ ಒಬ್ಬ ಗುಮಾಸ್ತನಿಂದ ಮಾಡಿಸಬಹುದು.